ಮೃತ್ಪರೀಕ್ಷೆಯಲ್ಲಿ ಹಸ್ತಶಿಕ್ಷಣ

ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯಾಪ್ರಕರಣದಲ್ಲಿ ನೆಲದ ಪರೀಕ್ಷೆಗೆ ಒಂದು ಸುಲಭವಾದ ಉಪಾಯವು ಉಕ್ತವಾಗಿದೆ. ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮತ್ತೆ ಅದಕ್ಕೆ ತುಂಬಬೇಕು. ಮಣ್ಣು ಮಿಕ್ಕರೆ ಆ ನೆಲವು ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಹೋದರೆ ಅನಿಷ್ಟ. ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಬಂದು ನೋಡಿದಾಗ ನೀರು ಇಳಿಯದಿದ್ದರೆ ಅದೂ ಶುಭವೇ. ನೀರನ್ನು ತಡೆದು ನಿಲ್ಲಿಸುವ ಗುಣವು ಬಹುಮಟ್ಟಿಗೆ ಮಣ್ಣಿನಲ್ಲಿರುವ ಜೇಡಿಯ ಅಂಶವನ್ನು ಅವಲಂಬಿಸಿರುವುದೆಂಬುದು ಈಗ ವಿದಿತವಾಗಿದೆ. ಆ ಜೇಡಿಯ ನಿಜಸ್ವರೂಪವು ತಿಳಿದುಬಂದದ್ದು ೨೦ನೆಯ ಶತಮಾನದಲ್ಲಿ. ಅದನ್ನು ತಿಳಿಯುವ ವಿಧಾನವನ್ನು ಶಿಷ್ಯರ ಕೈಗೆ ಕಲಿಸುವುದು ಇಂದಿಗೂ ಸುಲಭವಾಗಿಲ್ಲ.

ಹಿಂದೆ ಈ ಮಣ್ಣುಗಳಿಗೆ ಸ್ಥಳನಾಮಗಳೇ ಗತಿಯಾಗಿದ್ದುವು. ಚೀನದ ಗಾವೋಲಿಂಗ್ ಗುಡ್ಡದಿಂದ ಕಯೊಲಿನ್ ಎಂಬ ಹೆಸರು ಹುಟ್ಟಿತು. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ೧೮೪೭ರಲ್ಲಿ ಮಾಂಟ್‌ಮೊರಿಲೊನೈಟ್ ಎಂಬುದು ಬಂದಿತು. ೧೮೮೭ರಲ್ಲಿ ಲ ಶಾತೆಲಿಯೆ ಎಂಬ ಫ್ರೆಂಚ್ ವಿದ್ವಾಂಸನು ಜೇಡಿಯನ್ನು ಕಾಯಿಸುತ್ತ, ಅದರ ಕಾವು ಏರುವ ಕ್ರಮದಲ್ಲಿ ಕಾಣುವ ಭೇದಗಳಿಂದ ಜೇಡಿಗಳನ್ನು ವಿಂಗಡಿಸಿದನು. ಬಳಿಕ ೧೯೨೩ರಲ್ಲಿ ಸ್ವೀಡನ್ನಿನ ಹ್ಯಾಡಿಂಗನೂ ಮರುವರ್ಷ ಜರ್ಮನಿಯ ರಿನ್ನೆಯೂ ಕ್ಷಕಿರಣಗಳನ್ನು ಹಾಯಿಸಿ, ಜೇಡಿಯ ಅತ್ಯಂತ ಸೂಕ್ಷ್ಮಕಣವೂ ಸ್ಫಟಿಕವೇ ಎಂದು ತೋರಿಸಿದರು. ೧೯೩೦ರಲ್ಲಿ ಪಾಲಿಂಗನು ಅಭ್ರಕಾದಿ ಖನಿಜಗಳ ಪದರರಚನೆಯನ್ನು ವಿವರಿಸಿದ ಮೇಲೆ ಜೇಡಿಯ ಸ್ವರೂಪವೂ ಸ್ಪಷ್ಟವಾಯಿತು.

ಯಂತ್ರವು ಪದರಗಳ ಅಂತರವನ್ನು ಅಳೆಯುತ್ತದೆ. ಆದರೆ ಅದರ ಮುಂದೆ ಇಡುವ ಮಣ್ಣನ್ನು ಸಿದ್ಧಪಡಿಸುವವನು ಮನುಷ್ಯ. ವಿದ್ಯಾರ್ಥಿಯು ಮೊದಲು ಮಣ್ಣನ್ನು ನೀರಿನಲ್ಲಿ ಕದಡಿ ನಿಲ್ಲಿಸಬೇಕು. ಮಿಲಿಮೀಟರಿನ ೫೦೦ರಲ್ಲಿ ಒಂದು ಭಾಗದಷ್ಟು ಗಾತ್ರದ ಕಣವು ೧೦ ಸೆಂಟಿಮೀಟರ್ ಇಳಿಯಲು ಸುಮಾರು ೮ ಗಂಟೆಗಳು ಬೇಕು. ಆತುರಗಾರನಿಗೆ ಮೊದಲನೆಯ ಪಾಠವು ಇಲ್ಲಿಯೇ ದೊರೆಯುವುದು. ಆ ವೇಳೆಗೆ ಮೇಲಿನ ನೀರಿನಲ್ಲಿ ಉಳಿದಿರುವ ಕಣಗಳನ್ನು ಗಾಜಿನ ಬಿಲ್ಲೆಯ ಮೇಲೆ ಒಣಗಿಸಿ, ಪದರಗಳು ಚಪ್ಪಟೆಯಾಗಿ ಮಲಗುವಂತೆ ಮಾಡಬೇಕು. ಬೇಗನೆ ಒಣಗಿಸಿದರೆ ಲೇಪವು ಮುರುಟಿಕೊಂಡು ಕಿತ್ತುಬರುವುದು. ಮಣ್ಣನ್ನು ಅತಿಯಾಗಿ ಅರೆದರೆ ಸ್ಫಟಿಕವೇ ಕೆಡುವುದು.

ಅನಂತರ ಒಂದೇ ಬಿಲ್ಲೆಯನ್ನು ಹಲವು ಸ್ಥಿತಿಗಳಲ್ಲಿ ನೋಡಬೇಕು. ಮಿಲಿಮೀಟರಿನ ಕೋಟಿಯ ಒಂದಂಶವು ಒಂದು ಆಂಗ್‌ಸ್ಟ್ರಾಂ. ಕಯೊಲಿನೈಟಿನ ಪದರಾಂತರವು ಸುಮಾರು ೭ ಆಂಗ್‌ಸ್ಟ್ರಾಂ. ಆದರೆ ೧೪ರ ಅಂತರವುಳ್ಳ ಕ್ಲೋರೈಟೂ ೭ರಲ್ಲಿ ಒಂದು ರೇಖೆಯನ್ನು ತೋರಿಸಿ ಭ್ರಾಂತಿಯನ್ನುಂಟುಮಾಡುತ್ತದೆ. ೫೫೦ ಡಿಗ್ರಿಗೆ ಕಾಯಿಸಿದಾಗ ಕಯೊಲಿನೈಟಿನ ರೇಖೆಯು ಅಳಿದು, ಕ್ಲೋರೈಟಿನ ೧೪ರ ರೇಖೆಯು ಉಳಿಯುತ್ತದೆ. ೧೯೪೫ರಲ್ಲಿ ಬ್ರಾಡ್ಲಿಯು ವಿವರಿಸಿದ ಗ್ಲೈಕಾಲ್ ಪ್ರಯೋಗದಲ್ಲಿ ಮಾಂಟ್‌ಮೊರಿಲೊನೈಟು ೧೭ರವರೆಗೆ ಉಬ್ಬುವುದು. ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ನಮ್ಮ ಉತ್ತರದೇಶದ ಎರೆಭೂಮಿಯ ಸ್ವಭಾವಕ್ಕೆ ಈ ಬಳಗದ ಖನಿಜಗಳೇ ಮೂಲ. ಎರೆಯ ಮೇಲೆ ಮನೆ ಕಟ್ಟಿದವರು ಗ್ಲೈಕಾಲಿನ ಸಹಾಯವಿಲ್ಲದೆಯೇ ಇದನ್ನು ಅರಿತಿರುವರು.

೧೯೬೫ರಲ್ಲಿ ಗಿಬ್ಸ್ ಎಂಬವನು ಒಂದು ಅಹಿತಕರವಾದ ಸಂಗತಿಯನ್ನು ಪ್ರಕಟಿಸಿದನು. ಬಿಲ್ಲೆಯ ಮೇಲೆ ಒಣಗುವಾಗ ದೊಡ್ಡ ಕಣಗಳು ಮೊದಲು ಇಳಿದು, ಅತಿಸೂಕ್ಷ್ಮವಾದ ಮಾಂಟ್‌ಮೊರಿಲೊನೈಟು ಮೇಲೆ ನಿಲ್ಲುವುದರಿಂದ ಅದರ ಪ್ರಮಾಣವು ಇದ್ದುದಕ್ಕಿಂತ ಹೆಚ್ಚಾಗಿ ತೋರುವುದೆಂಬುದೇ ಅದು. ಮಣ್ಣು ಒಂದೇ ಆದರೂ ಲೇಪಿಸುವ ಕ್ರಮವು ಬೇರೆಯಾದರೆ ಅಂಕಿಗಳೂ ಬೇರೆಯಾಗುವುವು. ಹಾಗಾದರೆ ಎರಡು ಪ್ರಯೋಗಶಾಲೆಗಳ ವಿವಾದದಲ್ಲಿ ಯಾರ ಮಾತನ್ನು ಪ್ರಮಾಣವೆಂದು ಹಿಡಿಯಬೇಕು?

ಗ್ರಂಥಗಳ ಕೊರತೆಯಂತೂ ಇರಲಿಲ್ಲ. ವಿಸ್ಕಾನ್ಸಿನ್ನಿನ ಜ್ಯಾಕ್ಸನ್ನನು ತನ್ನ ಉಚ್ಚಪಾಠಕ್ರಮದ ಪುಸ್ತಕವನ್ನು ೧೯೫೬ರಲ್ಲಿ ತಾನೇ ಅಚ್ಚುಹಾಕಿಸಿದನು. ೧೯೮೯ರಲ್ಲಿ ಮೂರ್ ಮತ್ತು ರೆನಾಲ್ಡ್ಸರ ಪ್ರಸಿದ್ಧ ಗ್ರಂಥವು ಹೊರಬಂದಿತು. ಆದರೆ ಪುಸ್ತಕವು ಕೈಯ ತಪ್ಪನ್ನು ಕಾಣಲಾರದು. ರೆನಾಲ್ಡ್ಸನ ಹೆಸರಿನಲ್ಲಿ ೨೦೦೨ರಲ್ಲಿ ಆರಂಭವಾದ ಸ್ಪರ್ಧೆಯೇ ಈ ವಿವಾದಕ್ಕೆ ಒರೆಗಲ್ಲಾಯಿತು. ಶುದ್ಧಖನಿಜಗಳನ್ನು ತೂಗಿ ಬೆರೆಸಿದ ಮೂರು ಮಾದರಿಗಳನ್ನು ಎರಡು ವರ್ಷಗಳಿಗೊಮ್ಮೆ ನಾನಾ ದೇಶಗಳ ಪರೀಕ್ಷಕರಿಗೆ ಕಳುಹಿಸುವರು. ಬೆರಕೆಯ ಲೆಕ್ಕವು ಬೆರೆಸಿದವರಿಗೆ ಮಾತ್ರ ಗೊತ್ತು. ನುರಿತವರೂ ಇಲ್ಲಿ ಎಡವಿರುವುದುಂಟು, ಅದರಲ್ಲಿಯೂ ಜೇಡಿಖನಿಜಗಳನ್ನು ಗುರುತಿಸುವಲ್ಲಿ. ಸ್ಪರ್ಧೆಯ ಮರ್ಯಾದೆ ಮೆಚ್ಚತಕ್ಕುದು: ಮೊದಲ ಮೂವರ ಹೆಸರುಗಳು ಮಾತ್ರ ಪ್ರಕಟವಾಗುವುವು, ಉಳಿದವರ ತಪ್ಪು ಅವರವರಿಗೇ ತಿಳಿಯುವುದು.