ಕೆಡ್ಡಸದ ಬೇಟೆ
ಮಕರ ಮಾಸದ ಕೊನೆಗೆ ತುಳುನಾಡಿನಲ್ಲಿ ಕೆಡ್ಡಸ. ಭೂಮಿತಾಯಿ ಮುಟ್ಟಾಗುವ ಈ ಮೂರು ದಿನ ನೆಲ ಅಗೆಯುವಂತಿಲ್ಲ. ಬಿಡುವು ಸಿಕ್ಕ ಗಂಡಸರು ಹಿಂದೆ ಗುಂಪುಕಟ್ಟಿ ಬೇಟೆಗೆ ಹೊರಡುತ್ತಿದ್ದರು. ಬಂಟ್ವಾಳ, ಬೆಳ್ತಂಗಡಿಯಲ್ಲಷ್ಟೇ ಅಲ್ಲ, ಅಹಿಂಸೆ ಸಾರುವ ಬಸದಿಗಳ ಊರಾದ ಮೂಡುಬಿದಿರೆಯ ಆಸುಪಾಸಿನಲ್ಲೂ!

ಕೋವಿ ಬರುವ ಮುನ್ನ ಬಿಲ್ಲುಗಾರನ ಕೆಲಸ ಸುಲಭದ್ದಾಗಿರಲಿಲ್ಲ. ಬಾಣ ನಾಟುವುದು ಹತ್ತಿರದಿಂದ ಮಾತ್ರ. ಜಿಂಕೆಯ ಮೂಗು, ಕಿವಿಯೋ ಬಲು ಚುರುಕು. ಗಾಳಿಗೆ ಎದುರಾಗಿ ನಡೆಯಬೇಕು, ತರಗೆಲೆ ಸದ್ದಾಗಬಾರದು, ಪೆಟ್ಟು ತಿಂದ ಪ್ರಾಣಿಯ ನೆತ್ತರಿನ ಜಾಡು ತಪ್ಪಬಾರದು. ಗುರಿಗಿಂತ ತಾಳ್ಮೆಯೇ ದೊಡ್ಡ ವಿದ್ಯೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೂ ನಿಲ್ಲಿಸಿತು. ಕಾನೂನು ಸರಿಯೇ. ಆದರೆ ಗಾಳಿ, ಹೆಜ್ಜೆ ಓದುವ ಕಾಡಿನ ತಿಳಿವಳಿಕೆಯೂ ಬಿಲ್ಲಿನೊಂದಿಗೇ ಮರೆಯಾಗುತ್ತ ಬಂತು. ಕೆಡ್ಡಸವೇನೋ ಉಳಿದಿದೆ. ಅಂಗಳದಲ್ಲಿ ಭೂಮಿಗೆ ಎಣ್ಣೆ ಬಿಡುತ್ತಾರೆ, ಹುರಿದಕ್ಕಿ-ಬೆಲ್ಲದ ನನ್ನೆರಿ ಹಂಚುತ್ತಾರೆ.