ಗೇರ್ ನಮ್ಮ ಕೈಯಲ್ಲಿದ್ದರೆ ಪೆಟ್ರೋಲ್ ಉಳಿಯುತ್ತಾ? ಆಟೋಮ್ಯಾಟಿಕ್ ಗಾಡಿಯ ಎಂಬತ್ತು ವರ್ಷಗಳ ಕತೆ

ಪುಣೆಯ ಹಿಂಜೆವಾಡಿ ಇರಲಿ, ಚೆನ್ನೈನ ಓಎಂಆರ್ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ಸಂಜೆ ಆರೂವರೆಗೆ ಆಫೀಸಿನಿಂದ ಹೊರಟ ನಮ್ಮೆಲ್ಲರ ಎಡಗಾಲಿನ ಕತೆ ಒಂದೇ. ಕ್ಲಚ್ ಒತ್ತು, ಬಿಡು, ಹತ್ತಡಿ ಮುಂದೆ ಹೋಗು, ಮತ್ತೆ ಒತ್ತು. ಹೊಸ ಕಾರು ತಗೊಳ್ಳುವಾಗ "ಈ ಸಲ ಆಟೋಮ್ಯಾಟಿಕ್" ಅಂತ ಮನಸ್ಸು ಮಾಡ್ತೀವಿ. ಅಷ್ಟರಲ್ಲಿ ಊರಿಂದ ಯಾರಾದರೂ ಫೋನ್ ಮಾಡಿ "ಅದು ಪೆಟ್ರೋಲ್ ಕುಡಿಯುತ್ತೆ ಕಣೋ" ಅಂತಾರೆ. ನಮ್ಮ ಮನೆಯಲ್ಲಿ ಹಾಗೆ ಹೇಳಿದವರು ನಮ್ಮ ಅಪ್ಪ.

ಅಪ್ಪನ ಮಾತನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಅವರು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿದವರು. ಡಿಪೋದಲ್ಲಿ ಪ್ರತಿ ಡ್ರೈವರಿನ ಕೆಎಂಪಿಎಲ್ ಲೆಕ್ಕ ಇಡ್ತಾರೆ, ಅಂದ್ರೆ ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡಿಸಿದ ಅಂತ. ನಮ್ಮ ಮನೆಯಲ್ಲಿ ನನ್ನ ಮಾರ್ಕ್ಸ್ ಕಾರ್ಡಿಗಿಂತ ಅಪ್ಪನ ಕೆಎಂಪಿಎಲ್ ಬಗ್ಗೆ ಜಾಸ್ತಿ ಮಾತಾಗುತ್ತಿತ್ತು. ಕಳೆದ ವರ್ಷ ಅವರ ಎಡ ಮೊಣಕಾಲಿಗೆ ಆಪರೇಷನ್ ಆಯ್ತು. ಕ್ಲಚ್ ಒತ್ತೋದು ಬೇಡ ಅಂದ್ರು ಡಾಕ್ಟರು. ಹಾಗಾದ್ರೆ ಆಟೋಮ್ಯಾಟಿಕ್ ತಗೊಳ್ಳೋಣ ಅಂದೆ. ಅಪ್ಪ ಅಂದದ್ದು ಇಷ್ಟು: "ಬ್ಯಾಡಪಾ, ಅದು ಎಣ್ಣಿ ಕುಡಿತೈತಿ. ಗೇರು ನಮ್ಮ ಕೈಯಾಗ ಇದ್ರ ನಾಕ ರೂಪಾಯಿ ಉಳಿತೈತಿ."

ಗಾಡಿ ಓಡಿಸೋದನ್ನೇ ಬಿಟ್ಟರೂ ಪರವಾಗಿಲ್ಲ, ಆಟೋಮ್ಯಾಟಿಕ್ ಬೇಡ ಅನ್ನೋ ಹಟ ಅದು. ಹಾಗಾಗಿ ನಾನು ಈ ವಿಷಯದ ಇತಿಹಾಸ ಓದೋಕೆ ಕೂತೆ. ಓದಿ ಮುಗಿಸಿದಾಗ ಗೊತ್ತಾಗಿದ್ದು: ಅಪ್ಪ ಹೇಳಿದ್ದು ಒಂದು ಕಾಲಕ್ಕೆ ಪೂರ್ತಿ ಸತ್ಯ. ಅದು ಯಾವ ಕಾಲ, ಯಾವಾಗ ಬದಲಾಯ್ತು, ಯಾಕೆ ಬದಲಾಯ್ತು ಅನ್ನೋದೇ ಇವತ್ತಿನ ಮಾತು.

ಎರಡು ಫ್ಯಾನು, ನಡುವೆ ಎಣ್ಣೆ

ಕತೆ ಶುರುವಾಗೋದು ಕಾರಿನಲ್ಲಿ ಅಲ್ಲ, ಹಡಗಿನಲ್ಲಿ. ಜರ್ಮನಿಯ ಸ್ಟೆಟಿನ್ ಬಂದರಿನ ವಲ್ಕನ್ ಹಡಗು ಕಾರ್ಖಾನೆಯಲ್ಲಿ ಹೆರ್ಮಾನ್ ಫೊಟ್ಟಿಂಗರ್ ಅನ್ನೋ ಎಂಜಿನಿಯರ್ ಇದ್ದ. ಹಡಗಿನ ಉಗಿ ಟರ್ಬೈನ್ ಬಹಳ ಜೋರಾಗಿ ತಿರುಗುತ್ತೆ, ನೀರಿನಲ್ಲಿರೋ ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ಎರಡನ್ನೂ ಜೋಡಿಸೋದು ಹೇಗೆ? ದ್ರವದ ಮೂಲಕ ಶಕ್ತಿ ದಾಟಿಸುವ ಯಂತ್ರಕ್ಕೆ ಅವನು 1905ರಲ್ಲಿ ಪೇಟೆಂಟ್ ಪಡೆದ.

ಎರಡು ಟೇಬಲ್ ಫ್ಯಾನ್ ಎದುರು ಬದುರು ಇಡಿ. ಒಂದನ್ನ ಮಾತ್ರ ಆನ್ ಮಾಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗೋಕೆ ಶುರುವಾಗುತ್ತೆ, ಅಲ್ವಾ? ಗಾಳಿಯ ಬದಲು ಎಣ್ಣೆ ತುಂಬಿದರೆ ಅದೇ ಫ್ಲೂಯಿಡ್ ಕಪ್ಲಿಂಗ್. ಎಂಜಿನ್ ತಿರುಗುತ್ತಿದ್ದರೂ ಚಕ್ರ ನಿಲ್ಲಬಹುದು, ಎಂಜಿನ್ ಬಂದ್ ಆಗಲ್ಲ. ಕ್ಲಚ್ ಬೇಕಿಲ್ಲ. ಆದರೆ ಒಂದು ತೊಂದರೆ ಇದೆ. ಎರಡನೇ ಫ್ಯಾನ್ ಯಾವತ್ತೂ ಮೊದಲನೇದಕ್ಕಿಂತ ಸ್ವಲ್ಪ ಹಿಂದೆಯೇ. ಈ ಜಾರುವಿಕೆಯಲ್ಲಿ ಕಳೆದುಹೋಗುವ ಶಕ್ತಿ ಎಣ್ಣೆಯನ್ನ ಬಿಸಿ ಮಾಡುತ್ತೆ, ಅಷ್ಟೇ. ಆ ಬಿಸಿಗೆ ದುಡ್ಡು ಕೊಡೋರು ನಾವು, ಪೆಟ್ರೋಲ್ ಬಂಕಿನಲ್ಲಿ.

ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ, 1940ರ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ 'ಹೈಡ್ರಾಮ್ಯಾಟಿಕ್' ಅನ್ನೋ ಗೇರ್‌ಬಾಕ್ಸ್ ತಂತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೋಮ್ಯಾಟಿಕ್ ಅದು. ಹೆಚ್ಚುವರಿ ಬೆಲೆ 57 ಡಾಲರ್. ಅದರ ಹಿಂದಿದ್ದವನು ಅರ್ಲ್ ಥಾಂಪ್ಸನ್. ಮ್ಯಾನುವಲ್ ಗೇರ್ ಕಿರುಗುಟ್ಟದೆ ಬೀಳೋ ಹಾಗೆ ಮಾಡಿದ ಸಿಂಕ್ರೋಮೆಶ್ ಕೂಡ ಅವನದೇ. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಎಂ5 ಸ್ಟುವರ್ಟ್ ಟ್ಯಾಂಕ್‌ಗಳೂ ಇದೇ ಹೈಡ್ರಾಮ್ಯಾಟಿಕ್ ಮೇಲೆ ಓಡಿದವು.

ಹೈಡ್ರಾಮ್ಯಾಟಿಕ್‌ನಲ್ಲಿ ನಾಲ್ಕು ಗೇರ್ ಇದ್ದವು. ಮೇಲಿನ ಗೇರ್‌ಗಳಲ್ಲಿ ಶಕ್ತಿಯ ಒಂದು ಪಾಲು ಎಣ್ಣೆಯನ್ನ ಮುಟ್ಟದೆ ನೇರವಾಗಿ ಲೋಹದ ಮೂಲಕವೇ ಹೋಗುತ್ತಿತ್ತು. ಅಂದ್ರೆ ಮೊಟ್ಟಮೊದಲ ಆಟೋಮ್ಯಾಟಿಕ್ಕು ಅಂಥ ದುಂದುಗಾರ ಏನಲ್ಲ. ದುಂದು ಶುರುವಾಗಿದ್ದು ಆಮೇಲೆ.

ಮದ್ದು ಗೊತ್ತಿತ್ತು, ಕಾಯಿಲೆ ಯಾರಿಗೂ ಬೇಸರ ತಂದಿರಲಿಲ್ಲ

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಪೆಟ್ರೋಲ್ ಅಗ್ಗ. ಜನಕ್ಕೆ ಬೇಕಾಗಿದ್ದು ನುಣುಪು. 1948ರಲ್ಲಿ ಬ್ಯೂಕ್ ಕಂಪನಿಯ 'ಡೈನಾಫ್ಲೋ' ಬಂತು. ಮಾಮೂಲಿ ಓಟದಲ್ಲಿ ಗೇರ್ ಬದಲಾಯಿಸೋದೇ ಇಲ್ಲ, ಎಲ್ಲ ಕೆಲಸ ಟಾರ್ಕ್ ಕನ್ವರ್ಟರಿನ ಎಣ್ಣೆಯದೇ. ಬೆಣ್ಣೆ ಹಾಗೆ ಓಡುತ್ತಿತ್ತು, ಜಾರುವಿಕೆಯೂ ಅಷ್ಟೇ ಇತ್ತು. 1950ರ ಷೆವರ್ಲೆ 'ಪವರ್‌ಗ್ಲೈಡ್'ಗೆ ಇದ್ದದ್ದು ಎರಡೇ ಗೇರ್. ಎರಡು ಗೇರ್ ಇದ್ದರೆ ಏನಾಗುತ್ತೆ? ಎಂಜಿನ್ ತನಗೆ ಹಿತವಾದ ವೇಗದಲ್ಲಿ ತಿರುಗೋದು ಕಡಿಮೆ. ಪೆಟ್ರೋಲ್ ಎಂಜಿನ್ನಿಗೆ ಕಡಿಮೆ ಆರ್‌ಪಿಎಂನಲ್ಲಿ ಸ್ವಲ್ಪ ಭಾರ ಎಳೆಯೋದೇ ಲಾಭ. ಸುಮ್ಮನೆ ಜೋರಾಗಿ ತಿರುಗಿದರೆ ಒಳಗಿನ ತಿಕ್ಕಾಟಕ್ಕೆ ಮತ್ತು ಗಾಳಿ ಎಳೆದುಕೊಳ್ಳೋಕೇ ಪೆಟ್ರೋಲ್ ಹೋಗುತ್ತೆ. ನಮ್ಮ ಅಪ್ಪ ಇದನ್ನ ಗ್ರಾಫ್ ಇಲ್ಲದೆ ಒಂದೇ ಮಾತಲ್ಲಿ ಹೇಳ್ತಾರೆ: "ಇಂಜಿನ್ ಅಳಾಕ ಬಿಡಬಾರ್ದು, ಚೀರಾಕೂ ಬಿಡಬಾರ್ದು."

ನನಗೆ ಬಹಳ ಕಾಡಿದ ಸಂಗತಿ ಈಗ ಬರುತ್ತೆ. ಜಾರುವಿಕೆಗೆ ಮದ್ದು 1949ರಲ್ಲೇ ಸಿಕ್ಕಿತ್ತು! ಪ್ಯಾಕಾರ್ಡ್ ಕಂಪನಿಯ 'ಅಲ್ಟ್ರಾಮ್ಯಾಟಿಕ್' ಗೇರ್‌ಬಾಕ್ಸಿನಲ್ಲಿ, ಗಾಡಿ ವೇಗ ಹಿಡಿದ ಮೇಲೆ ಎರಡೂ ಫ್ಯಾನ್‌ಗಳನ್ನ ಒಂದು ಕ್ಲಚ್ಚು ಗಟ್ಟಿಯಾಗಿ ಹಿಡಿದುಬಿಡುತ್ತಿತ್ತು. ಆಮೇಲೆ ಜಾರೋ ಪ್ರಶ್ನೆಯೇ ಇಲ್ಲ. ಇದನ್ನೇ ಈಗ ಲಾಕಪ್ ಅಂತೀವಿ. ಆದರೆ ಅಗ್ಗದ ಪೆಟ್ರೋಲಿನ ಕಾಲದಲ್ಲಿ ಆ ಖರ್ಚು ಯಾರಿಗೆ ಬೇಕು? ಲಾಕಪ್ ಮೂಲೆ ಸೇರಿತು.

ಯುರೋಪಿನಲ್ಲಿ ಪೆಟ್ರೋಲ್ ದುಬಾರಿ, ಎಂಜಿನ್ ಚಿಕ್ಕದು. ಅಲ್ಲಿ ಮ್ಯಾನುವಲ್ಲೇ ರಾಜ. ಅಂಬಾಸಿಡರ್, ಪದ್ಮಿನಿಯಿಂದ ಹಿಡಿದು 1983ರ ಮಾರುತಿ 800ರವರೆಗೆ ನಮ್ಮ ದೇಶ ಕಲಿತದ್ದೂ ಗೇರ್ ಗಾಡಿಯನ್ನೇ. ಅಪ್ಪನ ತಲೆಮಾರಿನ "ಆಟೋಮ್ಯಾಟಿಕ್ ಅಂದ್ರೆ ಪೆಟ್ರೋಲ್ ದಂಡ" ಅನ್ನೋ ಮಾತು ಮೂಢನಂಬಿಕೆ ಅಲ್ಲ, ಆಗಿನ ಲೆಕ್ಕ.

1973: ಲೆಕ್ಕ ತಿರುಗಿದ ವರ್ಷ

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಕಚ್ಚಾ ತೈಲ ನಿಲ್ಲಿಸಿದವು. ಬಂಕುಗಳ ಮುಂದೆ ಉದ್ದುದ್ದ ಸಾಲು. 1975ರಲ್ಲಿ ಅಮೆರಿಕ ಕಾನೂನು ಮಾಡಿತು: ಪ್ರತಿ ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜು 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ ಆಗಬೇಕು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 7.7 ಕಿಲೋಮೀಟರಿನಿಂದ 11.7ಕ್ಕೆ. ಒಂಥರಾ ಇಡೀ ಕಂಪನಿಗೇ ಡಿಪೋ ಮ್ಯಾನೇಜರ್ ಕೆಎಂಪಿಎಲ್ ಟಾರ್ಗೆಟ್ ಕೊಟ್ಟ ಹಾಗೆ.

ಆಗ ಮೂಲೆಯಲ್ಲಿದ್ದ ಮದ್ದು ಹೊರಬಂತು. 1978ಕ್ಕೆ ಕ್ರೈಸ್ಲರ್ ತನ್ನ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸಿಗೆ ಲಾಕಪ್ ಹಾಕಿತು. 1980ರಲ್ಲಿ ಫೋರ್ಡ್ ಓವರ್‌ಡ್ರೈವ್ ಇರುವ ನಾಲ್ಕು ಗೇರಿನ ಆಟೋಮ್ಯಾಟಿಕ್ ತಂತು. ಮುಂದೆ ಗೇರ್ ಬದಲಾಯಿಸುವ ತೀರ್ಮಾನ ಎಣ್ಣೆಯ ಒತ್ತಡದಿಂದ ಕಂಪ್ಯೂಟರಿನ ಕೈಗೆ ಹೋಯಿತು. 2009ರಲ್ಲಿ ಜರ್ಮನಿಯ ಜ಼ಡ್‌ಎಫ್ ಕಂಪನಿಯ ಎಂಟು ಗೇರಿನ ಬಾಕ್ಸ್ ಬಿಎಂಡಬ್ಲ್ಯೂ ಕಾರಿಗೆ ಬಂತು. 2017ರ ಹೊತ್ತಿಗೆ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಸೇರಿ ಮಾಡಿದ ಹತ್ತು ಗೇರಿನದ್ದು. ಹತ್ತು ಗೇರನ್ನ ಮನುಷ್ಯ ಕೈಯಿಂದ ಹಾಕುತ್ತಾ ಕೂತರೆ ಊರು ಮುಟ್ಟೋದು ಯಾವಾಗ? ಅಷ್ಟು ಹೊತ್ತಿಗೆ ಅಮೆರಿಕದ ಸರ್ಕಾರಿ ಅಂಕಿಗಳಲ್ಲೇ ಆಟೋಮ್ಯಾಟಿಕ್ಕುಗಳ ಸರಾಸರಿ ಮೈಲೇಜು ಮ್ಯಾನುವಲ್ಲನ್ನ ಹಿಡಿದಿತ್ತು.

ಇನ್ನೊಂದು ದಾರಿ ಹಾಲೆಂಡಿನದು. 1958ರಲ್ಲಿ ಡಾಫ್ ಕಂಪನಿಯ ಹಬ್ ವಾನ್ ಡೋರ್ನೆ ಗೇರುಗಳನ್ನೇ ತೆಗೆದು ರಬ್ಬರ್ ಬೆಲ್ಟು, ಹಿಗ್ಗಿ ಕುಗ್ಗುವ ಪುಲ್ಲಿ ಹಾಕಿದ. ಆ ಕಾರು ಮುಂದಕ್ಕೆ ಹೋಗುವಷ್ಟೇ ವೇಗವಾಗಿ ಹಿಂದಕ್ಕೂ ಹೋಗುತ್ತಿತ್ತು! ನಗಬೇಡಿ, ನಮ್ಮಲ್ಲಿ ಬಹಳ ಜನರ ಅಮ್ಮ, ಅಕ್ಕ ಓಡಿಸಿದ ಕೈನೆಟಿಕ್ ಹೋಂಡಾ, ಆಮೇಲಿನ ಆಕ್ಟಿವಾ, ಎಲ್ಲದರ ಹೊಟ್ಟೆಯಲ್ಲಿ ಇರೋದು ಅದೇ ಬೆಲ್ಟು ಪುಲ್ಲಿ ತತ್ವ. ಗೇರ್ ಇಲ್ಲದ ಗಾಡಿಯನ್ನ ನಾವು ಕಾರಿಗಿಂತ ಮೊದಲು ಸ್ಕೂಟರಿನಲ್ಲೇ ಒಪ್ಪಿಕೊಂಡಿದ್ವಿ.

2014: ನಮ್ಮ ಸರದಿ

ನಮ್ಮ ದೇಶದ ಕತೆ ಬದಲಾಗಿದ್ದು 2014ರ ಫೆಬ್ರವರಿಯಲ್ಲಿ, ಮಾರುತಿ ಸೆಲೆರಿಯೊ ಬಂದಾಗ. ಅದರ ಉಪಾಯ ನನ್ನಂಥ ಸಾಫ್ಟ್‌ವೇರ್ ಮನುಷ್ಯನಿಗೆ ಬಹಳ ಹಿಡಿಸಿತು. ಹೊಸ ಗೇರ್‌ಬಾಕ್ಸ್ ಮಾಡಲೇ ಇಲ್ಲ. ಇರುವ ಐದು ಗೇರಿನ ಮ್ಯಾನುವಲ್ ಬಾಕ್ಸನ್ನೇ ಇಟ್ಟುಕೊಂಡು, ಕ್ಲಚ್ ಒತ್ತೋಕೆ ಮತ್ತು ಗೇರ್ ಹಾಕೋಕೆ ಒಂದು ಯಾಂತ್ರಿಕ ಕೈಕಾಲು ಜೋಡಿಸಿದರು. ಇಟಲಿಯ ಮ್ಯಾಗ್ನೆಟಿ ಮಾರೆಲ್ಲಿ ಕಂಪನಿಯ ತಂತ್ರ. ಇದೇ ಎಎಂಟಿ. ಎಣ್ಣೆಯ ಫ್ಯಾನ್ ಇಲ್ಲ, ಹಾಗಾಗಿ ಆ ಜಾರುವಿಕೆಯೂ ಇಲ್ಲ. ಮ್ಯಾನುವಲ್‌ಗೂ ಎಎಂಟಿಗೂ ಎಆರ್‌ಎಐ ಕೊಟ್ಟ ಮೈಲೇಜ್ ಒಂದೇ: ಲೀಟರಿಗೆ 23.1 ಕಿಲೋಮೀಟರ್. 2024ರ ಸ್ವಿಫ್ಟ್ ಬರುವ ಹೊತ್ತಿಗೆ ಮ್ಯಾನುವಲ್ 24.80, ಎಎಂಟಿ 25.75. ಆಟೋಮ್ಯಾಟಿಕ್ಕೇ ಮುಂದೆ!

ಇಲ್ಲಿ ಸ್ವಲ್ಪ ಎಚ್ಚರ ಬೇಕು. 1966ರಲ್ಲಿ ಶುರುವಾದ ಎಆರ್‌ಎಐ ಇರೋದು ನಮ್ಮ ಪುಣೆಯ ಕೋಥ್ರೂಡಿನಲ್ಲೇ. ಅಲ್ಲಿ ಕಾರನ್ನ ರೋಲರ್ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, ನಿಗದಿಯಾದ ವೇಗದ ಪಟ್ಟಿಯಂತೆ 1180 ಸೆಕೆಂಡ್ ಓಡಿಸ್ತಾರೆ. ಆ ಪಟ್ಟಿ ಯುರೋಪಿನ ಹಳೆಯ ಪರೀಕ್ಷೆಯಿಂದ ಬಂದದ್ದು, ಗರಿಷ್ಠ ವೇಗವನ್ನ 120ರಿಂದ 90ಕ್ಕೆ ಇಳಿಸಿದ್ದಾರೆ. ಯುರೋಪಿನ ಆ ಪರೀಕ್ಷೆಯಲ್ಲಿ ಮ್ಯಾನುವಲ್ ಕಾರಿಗೆ ಯಾವಾಗ ಯಾವ ಗೇರ್ ಅನ್ನೋದೂ ಬರೆದಿಟ್ಟಿತ್ತು. ಊರೊಳಗಿನ ಭಾಗದಲ್ಲಿ 32 ಕಿಲೋಮೀಟರ್ ವೇಗಕ್ಕೆ ಎರಡನೇ ಗೇರ್, 50ಕ್ಕೆ ಮೂರನೇದು. ಆಟೋಮ್ಯಾಟಿಕ್ ಮಾತ್ರ ತನಗೆ ಬೇಕಾದಾಗ ಮೇಲಿನ ಗೇರಿಗೆ ಹೋಗಬಹುದು. ಇದನ್ನ ಅಪ್ಪನಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ಐವತ್ತಕ್ಕ ಮೂರನೇ ಗೇರ? ನಮ್ಮ ಡಿಪೋದಾಗ ಹಂಗ ಹೊಡದಿದ್ರ ಮೆಮೊ ಕೊಡ್ತಿದ್ರು."

ಅಂದ್ರೆ ಇಂಥ ಪರೀಕ್ಷೆಯಲ್ಲಿ ಆಟೋಮ್ಯಾಟಿಕ್ ಸೋಲಿಸಿದ್ದು ಪುಸ್ತಕ ನೋಡಿ ಓಡಿಸುವ ಡ್ರೈವರನ್ನ, ನಮ್ಮ ಅಪ್ಪನನ್ನ ಅಲ್ಲ. ಕೊನೆಗೆ ಅವರನ್ನ ಒಪ್ಪಿಸಿದ್ದೂ ಈ ಮಾತೇ ಅನ್ಸುತ್ತೆ.

ನಮ್ಮ ಮನೆಯ ಲೆಕ್ಕ

ನಾನು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಎಕ್ಸೆಲ್‌ನಲ್ಲಿ ಲೆಕ್ಕ ಇಡ್ತೀನಿ, ಅಪ್ಪ ಡೈರಿಯಲ್ಲಿ. ಹಳೆಯ ಮ್ಯಾನುವಲ್ ಗಾಡಿಯಲ್ಲಿ ಪುಣೆ-ಹುಬ್ಬಳ್ಳಿ ದಾರಿಯಲ್ಲಿ ಅಪ್ಪನಿಗೆ 19 ಬಂದರೆ ನನಗೆ 17. ಅದೇ ಗಾಡಿ, ಅದೇ ರಸ್ತೆ. ಈಗ ಎಎಂಟಿ ತಗೊಂಡಿದ್ದೀವಿ. ಎಂಜಿನ್ ಬೇರೆ, ಹಾಗಾಗಿ ಹಳೆಯದಕ್ಕೂ ಹೊಸದಕ್ಕೂ ಹೋಲಿಸೋದು ತಪ್ಪು. ಆದರೆ ನಮ್ಮಿಬ್ಬರ ನಡುವಿನ ಅಂತರ ನೋಡಬಹುದು. ಎರಡು ಕಿಲೋಮೀಟರ್ ಇದ್ದದ್ದು ಈಗ ಒಂದಕ್ಕಿಂತ ಕಡಿಮೆ. ಇನ್ನೂ ಐದಾರು ಟ್ಯಾಂಕಿನ ಲೆಕ್ಕ ಅಷ್ಟೇ, ಆದರೂ ನನಗೆ ಅನ್ನಿಸೋದು ಇಷ್ಟು: ಒಳ್ಳೆಯ ಡ್ರೈವರಿಗೆ ಆಟೋಮ್ಯಾಟಿಕ್‌ನಿಂದ ದೊಡ್ಡ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಾಭ ನನ್ನಂಥ ಸಾಧಾರಣ ಡ್ರೈವರಿಗೆ. ಅಪ್ಪನಂಥವರ ಕಾಲಿನಲ್ಲಿ ಇದ್ದ ಬುದ್ಧಿಯ ಒಂದು ಪಾಲನ್ನ ಯಾರೋ ಕೂತು ಕೋಡ್ ಮಾಡಿದ್ದಾರೆ, ಅದು ನನಗೂ ಸಿಕ್ಕಿದೆ.

ಎಲ್ಲವೂ ಸಿಕ್ಕಿಲ್ಲ. ಖಂಬಾಟಕಿ ಘಾಟ್ ಹತ್ತುವಾಗ ನಮ್ಮ ಎಎಂಟಿ ಎರಡೋ ಮೂರೋ ಅಂತ ತಡಬಡಾಯಿಸುತ್ತೆ. ಯಾಕಂದ್ರೆ ಅದಕ್ಕೆ ಮುಂದಿನ ತಿರುವು ಕಾಣಲ್ಲ. ಅಪ್ಪನಿಗೆ ಕಾಣುತ್ತೆ. ಅಲ್ಲಿ ಅವರು ಮ್ಯಾನುವಲ್ ಮೋಡಿಗೆ ಹಾಕಿ ಎರಡರಲ್ಲೇ ಹಿಡಿದುಬಿಡ್ತಾರೆ. ಅಪ್ಪನ ಒಂದು ಹಳೆಯ ಅಭ್ಯಾಸವನ್ನ ಮಾತ್ರ ನಾನು ಬಿಡಿಸಬೇಕಾಯ್ತು: ಸ್ವಂತ ಕಾರಿನಲ್ಲಿ ಇಳಿಜಾರು ಬಂದರೆ ನ್ಯೂಟ್ರಲ್. ಕಾರ್ಬ್ಯುರೇಟರ್ ಕಾಲಕ್ಕೆ ಅದರಿಂದ ನಾಲ್ಕು ಹನಿ ಉಳಿಯುತ್ತಿತ್ತೇನೋ. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲೇ ಇದ್ದು ಕಾಲು ತೆಗೆದರೆ ಪೆಟ್ರೋಲೇ ನಿಂತುಹೋಗುತ್ತೆ. ನ್ಯೂಟ್ರಲ್ ಹಾಕಿದರೆ ಐಡಲಿಂಗಿಗೆ ಖರ್ಚು, ಮೇಲಾಗಿ ಎಂಜಿನ್ ಬ್ರೇಕಿಂಗೂ ಇಲ್ಲ, ಅಪಾಯ.

ಇನ್ನು ಕೆಲವು ವರ್ಷಕ್ಕೆ ಈ ಜಗಳವೇ ಇರಲ್ಲ ಅಂತ ನೀವು ಹೇಳಬಹುದು. ಸರಿ. ಬೆಂಗಳೂರಿನ ರೇವಾ ಕಾರು 2001ರಲ್ಲೇ ಕ್ಲಚ್ಚೂ ಇಲ್ಲದೆ, ಬದಲಾಯಿಸೋ ಗೇರೂ ಇಲ್ಲದೆ ರಸ್ತೆಗೆ ಬಂದಿತ್ತು. ಇವತ್ತಿನ ಬಹುತೇಕ ಎಲೆಕ್ಟ್ರಿಕ್ ಕಾರುಗಳೂ ಹಾಗೇ. ಆದರೆ ಸದ್ಯಕ್ಕೆ ಪೆಟ್ರೋಲ್ ಗಾಡಿಯಲ್ಲೇ ಇರುವ ನಮಗೆ ನನ್ನ ಸಲಹೆ ಇದು. ಮೈಲೇಜಿಗೆ ಹೆದರಿ ಆಟೋಮ್ಯಾಟಿಕ್ ಬಿಡಬೇಡಿ. ತಗೊಳ್ಳೋ ಮುಂಚೆ ಅದು ಎಎಂಟಿಯಾ, ಸಿವಿಟಿಯಾ, ಟಾರ್ಕ್ ಕನ್ವರ್ಟರಾ, ಎಷ್ಟು ಗೇರ್ ಅಂತ ಕೇಳಿ. ಹಳೆಯ ನಾಲ್ಕು ಗೇರಿನ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಆಗಿದ್ದರೆ ಊರಿನವರ ಮಾತು ಈಗಲೂ ನಿಜ.

ಹೊಸ ಗಾಡಿಯನ್ನ ಅಪ್ಪ ಮೊದಲ ಸಲ ಓಡಿಸಿದಾಗ ನಾನು ಪಕ್ಕದಲ್ಲಿ ಕೂತಿದ್ದೆ. ಎಡಗಾಲು ಸುಮ್ಮನಿತ್ತು, ಆದರೂ ಎರಡು ಸಲ ಇಲ್ಲದ ಕ್ಲಚ್ಚನ್ನ ಹುಡುಕಿತು. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಗಮನಿಸಿದೆ, ಅವರು ವೇಗ ಹಿಡಿಯುವಾಗ ನಡುನಡುವೆ ಬಲಗಾಲನ್ನ ಒಂಚೂರು ಎತ್ತುತ್ತಿದ್ದರು. ಯಾಕಪ್ಪಾ ಅಂತ ಕೇಳಿದೆ.

"ಕಾಲು ಸಡ್ಲ ಬಿಟ್ರ ತಾನ ಮ್ಯಾಲಿನ ಗೇರಿಗೆ ಹೊಕ್ಕೈತಿ ನೋಡು," ಅಂದ್ರು. "ಹುಡುಗ ಹೊಸಬ ಅದಾನ. ಸ್ವಲ್ಪ ಹೇಳಿಕೊಡಬೇಕು."

ಮುಂದಿನ ಮಾತಿನಲ್ಲಿ ಸಿಗೋಣ. ಅಲ್ಲಿವರೆಗೆ ಟೈರಿನ ಗಾಳಿ ನೋಡಿಕೊಳ್ಳಿ, ಮೈಲೇಜಿಗೆ ಅದೂ ಬೇಕು. ನಮಸ್ಕಾರ.