ಮಡಿಕೇರಿ ತಾಮ್ರಶಾಸನ: ಬರೆದದ್ದೆಷ್ಟು, ಊಹಿಸಿದ್ದೆಷ್ಟು?

ಗಂಗರ ಅವಿನೀತನ ಹೆಸರಿರುವ ಮಡಿಕೇರಿ (ಮರ್ಕರಾ) ತಾಮ್ರಶಾಸನ ಕ್ರಿ.ಶ. 466ರದ್ದು ಅಂತ ಎಷ್ಟೋ ಪುಸ್ತಕಗಳಲ್ಲಿದೆ. 1886ರಲ್ಲಿ ರೈಸ್ ಅವರು ಹೊರತಂದ ಕೊಡಗಿನ ಶಾಸನಗಳ ಸಂಪುಟದಲ್ಲೂ ಅದು ಆ ಕಾಲದ್ದೇ. ಆದರೆ ಶಾಸನದಲ್ಲಿ ಇರೋದು 388ನೆಯ ಸಂವತ್ಸರ ಅಂತ ಮಾತ್ರ. ಶಕವರ್ಷ ಅನ್ನೋ ಮಾತೇ ಇಲ್ಲ. ಅದಕ್ಕೆ 78 ಕೂಡಿಸಿದ್ದು ಓದಿದವರು. ಇಂಗ್ಲಿಷ್ ಕ್ಲಾಸಲ್ಲಿ ಮೇಷ್ಟ್ರು "ಉತ್ತರ ಸರಿ, ಪಾಠದಲ್ಲಿ ಯಾವ ಸಾಲು ನೋಡಿ ಹೇಳಿದೆ, ತೋರಿಸು" ಅಂತಾರಲ್ಲ, ಆ ಪ್ರಶ್ನೆಯನ್ನ ಇಲ್ಲೂ ಕೇಳಬೇಕು.

ಮಿತಿಯ ವಿವರ ನೋಡಿ: ಮಾಘಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ. ಮಾಘದ ಹುಣ್ಣಿಮೆಗೆ ಚಂದ್ರ ಮಖಾ ನಕ್ಷತ್ರದ ಆಸುಪಾಸಿನಲ್ಲಿರ್ತಾನೆ, ತಿಂಗಳಿಗೆ ಹೆಸರು ಬಂದದ್ದೇ ಹಾಗೆ. ದಿನಕ್ಕೆ ಸುಮಾರು ಒಂದು ನಕ್ಷತ್ರ ಅಂತ ಹತ್ತು ದಿನ ಹಿಂದೆ ಎಣಿಸಿದರೆ ಶುದ್ಧ ಪಂಚಮಿಗೆ ರೇವತಿ ಹತ್ತಿರ ಬರುತ್ತೆ. ಸ್ವಾತಿ ಬರೋಕೆ ಸಾಧ್ಯವೇ ಇಲ್ಲ, ಯಾವ ಶಕೆ ಹಿಡಿದರೂ ಅಷ್ಟೇ. ಆದರೆ ಹುಣ್ಣಿಮೆಯಿಂದ ಐದು ದಿನ ಮುಂದೆ ಎಣಿಸಿ: ಬಹುಳ ಪಂಚಮಿಗೆ ಸರಿಯಾಗಿ ಸ್ವಾತಿ! (ಬೆರಳೆಣಿಕೆ ಸಾಕು, ಸಾಫ್ಟ್‌ವೇರ್ ಬೇಡ.) ಬರೆದವನು ಪಕ್ಷ ತಪ್ಪಿಸಿರಬಹುದು. ಹಾಗಾಗಿ ಬರೀ ಇದರಿಂದ ಶಾಸನ ಖೋಟಾ ಅನ್ನೋಕಾಗಲ್ಲ.

ನನಗೆ ಭಾರವಾಗಿ ಕಾಣೋದು ಬೇರೆ ಸಾಕ್ಷಿ. ತಳವನನಗರದ, ಅಂದರೆ ತಲಕಾಡಿನ, ಜಿನಾಲಯಕ್ಕೆ ಬದನೆಗುಪ್ಪೆ ಗ್ರಾಮ ಬಿಟ್ಟ ಸಂದರ್ಭದಲ್ಲಿ ಅಕಾಲವರ್ಷ ಪೃಥ್ವೀವಲ್ಲಭನ ಮಂತ್ರಿಯ ಮಾತು ಬರುತ್ತೆ. ಅಕಾಲವರ್ಷ ಅನ್ನೋದು ರಾಷ್ಟ್ರಕೂಟ ಕೃಷ್ಣರ ಬಿರುದು. ಅವರು ದೊರೆಗಳಾಗಿ ಮೇಲೆ ಬಂದದ್ದು 8ನೇ ಶತಮಾನದ ನಡುವೆ. 466ರಲ್ಲಿ ಅವರ ಮಂತ್ರಿ ಎಲ್ಲಿಂದ ಬರ್ತಾನೆ? ಫ್ಲೀಟ್ ಇದನ್ನ ಕೂಟಶಾಸನಗಳ ಪಟ್ಟಿಗೆ ಸೇರಿಸಿದ್ರು. ಹಳೇ ದಾನವೊಂದನ್ನ ಆಮೇಲೆ ಹೊಸದಾಗಿ ಬರೆಸಿಟ್ಟಿರಲೂಬಹುದು, ಅದೂ ಊಹೆಯೇ.

ಇದು ಬರೀ ತಾರೀಖಿನ ಜಗಳ ಅಲ್ಲ. ಇದೇ ಶಾಸನದಲ್ಲಿ ಕೊಂಡಕುಂದಾನ್ವಯದ ಆಚಾರ್ಯರ ಸಾಲೊಂದಿದೆ. 466 ನಿಜವಾದರೆ ಅಷ್ಟು ತಲೆಮಾರು ಹಿಂದಕ್ಕೆ ಎಣಿಸಿ, ಕುಂದಕುಂದಾಚಾರ್ಯರ ಕಾಲ ಇನ್ನೂ ಹಿಂದಿನದು ಅಂತ ಸಾಧಿಸಬಹುದು, ಹಾಗೆ ಸಾಧಿಸಿದವರೂ ಇದ್ದಾರೆ. ಆ ವಾದದ ಬುಡದಲ್ಲಿರೋದು ಶಾಸನದಲ್ಲಿಲ್ಲದ ಒಂದು ಪದ. ಕುಂದಕುಂದರು ಅಷ್ಟು ಪ್ರಾಚೀನರೇ ಇರಬಹುದು, ಆದರೆ ಅದಕ್ಕೆ ಬೇರೆ ಆಧಾರ ಕೊಡಬೇಕು. ನನ್ನ ಪಟ್ಟಿಯಲ್ಲಿ ಈ ಶಾಸನದ ಎದುರು "ವರ್ಷ 388, ಶಕೆ ಹೇಳಿಲ್ಲ" ಅಂತಷ್ಟೇ ಇದೆ.